ದುಂಡಪ್ಪ ಬೇಡವೆಂದ ನೀರು

ಬೆಳಗಾವಿಯ ಶಹಾಪುರದಲ್ಲಿ ನೇಕಾರರ ಓಣಿಯವರೆಲ್ಲ ಒಂದು ಮಾತನ್ನು ನಂಬಿದ್ದರು. ಮೈ ಬೆವತಾಗ ನೀರು ಕುಡಿಯಬಾರದು. ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಬೈಠಕ್ ಹೊಡೆಯುವ ಹುಡುಗರಿಗೂ ಅದೇ ಮಾತು, ಬಿಸಿಲಲ್ಲಿ ಆಡಿ ಬಂದ ಮಕ್ಕಳಿಗೂ ಅದೇ ಮಾತು. ಮೊದಲು ಯಾರು ಹೇಳಿದರೋ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯ ಹಿರಿಯರೂ ಹೇಳಿರಬಹುದು.

ದುಂಡಪ್ಪನಿಗೆ ಹೇಳಿದವರು ಅವನ ಕುಸ್ತಿಯ ಗುರು, ವಸ್ತಾದರು. ಹದಿನಾರನೆಯ ವಯಸ್ಸಿನಲ್ಲಿ ಅವನು ಕುಸ್ತಿ ಕಲಿಯಲು ಹೋಗುತ್ತಿದ್ದಾಗ, ಕಸರತ್ತಿನ ನಡುವೆ ಕೊಡದ ಹತ್ತಿರ ಸುಳಿದವರ ಬೆನ್ನಿಗೆ ವಸ್ತಾದರ ಬೆತ್ತ ಬೀಳುತ್ತಿತ್ತು. "ಬೆವತ ಮೈಗೆ ನೀರು ಬಿದ್ರ ಗುಂಡಗಿ ತಣ್ಣಗಾಗತೈತಿ" ಎನ್ನುತ್ತಿದ್ದರು. ಈಗ ದುಂಡಪ್ಪನಿಗೆ ನಲವತ್ತನಾಲ್ಕು. ಕುಸ್ತಿ ಬಿಟ್ಟು ಯಾವ ಕಾಲವೋ ಆಗಿತ್ತು; ಮನೆಯ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲಿಳಿಸಿ ಕೂತು, ಸೀರೆ ನೇಯುತ್ತಿದ್ದ. ಆ ಮಾತನ್ನು ಮಾತ್ರ ಬಿಟ್ಟಿರಲಿಲ್ಲ.

ಅವನ ಮನೆಯಲ್ಲಿ ನಾಲ್ಕು ಜನ. ಅವನು, ಹೆಂಡತಿ ಸಾತವ್ವ, ಹತ್ತನೇ ಇಯತ್ತೆ ಮುಗಿಸಿದ ಮಗಳು ಕುಂದಾ, ತಮ್ಮ ಮಾಯಪ್ಪ. ಅಪ್ಪ ಅವ್ವ ಬೇಗ ತೀರಿಕೊಂಡಿದ್ದರಿಂದ ನಾಲ್ಕು ವರ್ಷದ ಮಾಯಪ್ಪನನ್ನು ದುಂಡಪ್ಪನೇ ಹೆಗಲ ಮೇಲೆ ಕೂರಿಸಿ ಬೆಳೆಸಿದ್ದ. ಇಪ್ಪತ್ತನಾಲ್ಕು ತುಂಬಿದ ಮಾಯಪ್ಪ ಈಗ ಹತ್ತಿರದ ಮಚ್ಛೆ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡುತ್ತಿದ್ದ. ಅಣ್ಣ ಹಾಕಿದ ಗೆರೆ ದಾಟಿದವನಲ್ಲ.

ಇವರ ಮನೆಗೆ ಓಟದ ಹುಚ್ಚು ಹಿಡಿಸಿದವನು ಮಾಯಪ್ಪನೇ. "ದಿನಾ ಕುಣಿಮಗ್ಗದಾಗ ಕುಂತು ಕುಂತು ನಿನ್ನ ಕಾಲು ಕಟ್ಟಿಗಿ ಆಗಾಕತ್ತಾವು, ನಡಿ ಅಣ್ಣಾ" ಎಂದು ಒಂದು ರವಿವಾರ ಬೆಳಿಗ್ಗೆ ಅಣ್ಣನನ್ನು ಎಬ್ಬಿಸಿಕೊಂಡು ಯಳ್ಳೂರು ಗಡದ ಗುಡ್ಡದ ಕಡೆಗೆ ಓಡಿದ. ಮುಂದಿನ ವಾರ ಕುಂದಾ ಬೆನ್ನು ಹತ್ತಿದಳು. ವಯಸ್ಸಿಗೆ ಬಂದ ಹುಡುಗಿ ರಸ್ತೆಯಲ್ಲಿ ಓಡುವುದೇ ಎಂದು ಓಣಿಯವರು ನಕ್ಕರು. ದುಂಡಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವರೂ ಗುಡ್ಡ ಹತ್ತಿ ಇಳಿದು ಬರುವಷ್ಟರಲ್ಲಿ ಸಾತವ್ವ ಅವಲಕ್ಕಿ ಹಚ್ಚಿ ಇಟ್ಟಿರುತ್ತಿದ್ದಳು. ಯಾರು ಮೊದಲು ಬಂದರು, ಯಾರು ದಾರಿಯಲ್ಲಿ ಎಡವಿದರು ಎಂದು ಮಾತಾಡುತ್ತ ನಗುವುದರಲ್ಲೇ ಮುಂಜಾನೆ ಕಳೆಯುತ್ತಿತ್ತು. ಆ ನಾಲ್ಕು ತಿಂಗಳು ಆ ಮನೆಯಲ್ಲಿ ಇದ್ದಷ್ಟು ನಗು ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೈದರ ಏಪ್ರಿಲ್ ತಿಂಗಳು. ಅದೇ ಓಣಿಯ ನಬೀಸಾಬರ ಮಗಳು ಜೋಹರಾ ಖಾನಾಪುರದ ಸರಕಾರಿ ದವಾಖಾನೆಯಲ್ಲಿ ನರ್ಸ್. ತವರಿಗೆ ಬಂದಾಗ ಸುದ್ದಿ ತಂದಳು.

"ದುಂಡಪ್ಪಣ್ಣಾ, ನಮ್ಮ ಖಾನಾಪುರದಾಗ ತರುಣ ಸಂಘದವರು ಗುಡ್ಡದ ಓಟ ಇಟ್ಟಾರ. ಅರ್ಧ ಮ್ಯಾರಥಾನ್ ಅಂತ. ಜಾಂಬೋಟಿ ದಾರಿ ಹಿಡಿದು ಹತ್ತೂವರಿ ಕಿಲೋಮೀಟರ್ ಹೋಗೂದು, ತಿರುಗಿ ಬರೂದು. ಒಂದ ಮನಿಯವರು ಮೂರು ಜನ ಕೈ ಹಿಡಕೊಂಡು ಮುಟ್ಟಿದ್ರ ಅವರ ಫೋಟೋ ತಗದು, ಕಟ್ಟು ಹಾಕಿಸಿ ಕೊಡ್ತಾರಂತ."

"ಮೂರು ಜನ ಅಂದ್ರ ನಾವ ಅಲಾ!" ಎಂದು ಕುಂದಾ ಚಪ್ಪಾಳೆ ತಟ್ಟಿದಳು. ಮಾಯಪ್ಪ ಅಣ್ಣನ ಮುಖ ನೋಡಿದ. ಅಣ್ಣ ಮೀಸೆಯ ಮೇಲೆ ಕೈಯಾಡಿಸಿದ. ಅಷ್ಟರಲ್ಲೇ ತೀರ್ಮಾನವಾಗಿತ್ತು.

ಓಟದ ಹಿಂದಿನ ದಿನ ಮಧ್ಯಾಹ್ನದ ರೈಲಿಗೆ ನಾಲ್ವರೂ ಖಾನಾಪುರಕ್ಕೆ ಬಂದು ಜೋಹರಾಳ ಮನೆಯಲ್ಲಿ ಇಳಿದರು. ಮಾಯಪ್ಪ ಬಂದವನೇ ಹಿತ್ತಲಿಗೆ ಹೋದ. ಸಂಜೆಯೊಳಗೆ ನಾಲ್ಕು ಸಲ ಹೋಗಿ ಬಂದ.

"ಏನಾತೋ ಮಾಯಪ್ಪಾ?" ಎಂದು ಜೋಹರಾ ಕೇಳಿದಳು.

"ಏನಿಲ್ಲ ಜೋಹರಕ್ಕಾ, ನಿನ್ನೆಯಿಂದ ಸ್ವಲ್ಪ ಜುಲಾಬ. ಹೊರಗಿನ ಭಜಿ ತಿಂದಿದ್ನಿ."

ಜೋಹರಾ ಅವನ ಕೈ ಹಿಡಿದು ನೋಡಿದಳು. ಬಾಯಿ ತೆರೆಸಿ ನಾಲಿಗೆ ನೋಡಿದಳು. ಒಣಗಿತ್ತು. ಅವಳು ದುಂಡಪ್ಪನ ಕಡೆ ತಿರುಗಿದಳು.

"ಅಣ್ಣಾ, ನಾಳಿ ಇವನ್ನ ಓಡಸಬ್ಯಾಡ್ರಿ. ಜುಲಾಬ ಆದವರ ಮೈಯಾಗ ನೀರು ಕಡಿಮಿ ಆಗಿರತೈತಿ. ಮ್ಯಾಲ ಬಿಸಲಾಗ ಬೆವತು ಇನ್ನಷ್ಟು ಹೋತಂದ್ರ ಕೆಡತೈತಿ."

"ಮೂರು ಜನದಾಗ ಒಬ್ಬಾಂವ ಕಡಿಮಿ ಆದ್ರ ಓಟ ಎಲ್ಲಿಂದ ಬಂತು ತಂಗಿ? ನಾಲ್ಕು ತಿಂಗಳಿಂದ ಓಡಾಕತ್ತೀವಿ. ಹುಡುಗ ಗಟ್ಟಿ ಅದಾನ."

"ಹಂಗಾದ್ರ ಹಾದ್ಯಾಗ ನೀರರೆ ಕುಡಿಸ್ರಿ. ಅರ್ಧ ದಾರ್ಯಾಗ ಮಾವಿನ ಗಿಡದ ಕೆಳಗ ನಾ ನಿಂತಿರತೀನಿ. ಉಪ್ಪು ಸಕ್ಕರಿ ಹಾಕಿದ ನೀರು ಇಟ್ಟಿರತೀನಿ."

ದುಂಡಪ್ಪ ನಕ್ಕ. "ಬೆವತ ಮೈಗೆ ನೀರು ಕುಡಸ್ತಾರೇನು? ನಮ್ಮ ವಸ್ತಾದರು ಕೇಳಿದ್ರ ನಿನಗೂ ಬೆತ್ತ ಕೊಡತಿದ್ರು."

ಜೋಹರಾ ನಗಲಿಲ್ಲ. "ಅಣ್ಣಾ, ಬ್ಯಾಸಗಿ ದಿನದಾಗ ಮಗ್ಗದ ಕುಣಿಗೆ ನೀರು ಯಾಕ ಸಿಂಪಡಸ್ತೀರಿ?"

"ಹಾಸಿನ ಎಳಿ ಒಣಗಿ ಪಟಪಟ ಹರೀತಾವು, ಅದಕ್ಕ."

"ನೂಲು ಒಣಗಿದ್ರ ಹರಿಯೂದು ನಿಮಗ ಗೊತ್ತೈತಿ. ಮನಷ್ಯಾ ಒಣಗಿದ್ರ ಏನ ಆಕ್ಕೈತಿ ನಾ ದವಾಖಾನ್ಯಾಗ ನೋಡೀನಿ."

"ನೂಲು ಬ್ಯಾರೆ, ಮನಷ್ಯಾ ಬ್ಯಾರೆ" ಎಂದು ದುಂಡಪ್ಪ ಮಾತು ಮುಗಿಸಿದ. ಸಾತವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ರೀ, ಅಕಿ ಕಲತಾಕಿ, ಹೇಳೂದು ಸ್ವಲ್ಪ ಕೇಳ್ರಿ" ಎಂದಳು. ಅವನು ಅವಳ ಕಡೆ ನೋಡಲೂ ಇಲ್ಲ.

ಮರುದಿನ ಆರೂವರೆಗೆ ಶುರುವಾಗಬೇಕಿದ್ದ ಓಟ ಶುರುವಾಗಲಿಲ್ಲ. ಹಸಿರು ಬಾವುಟ ಬೀಸಲು ಕರೆದ ಅತಿಥಿಗಳು ಬಂದಿರಲಿಲ್ಲ. ಅವರು ಬಂದು, ಹಾರ ಹಾಕಿಸಿಕೊಂಡು, ಭಾಷಣ ಮಾಡಿ ಬಾವುಟ ಬೀಸುವಾಗ ಒಂಬತ್ತು ಹೊಡೆದಿತ್ತು. ಆಗಲೇ ಬಿಸಿಲು ಕೆನ್ನೆಗೆ ಚುರುಗುಟ್ಟುತ್ತಿತ್ತು. ಗಾಳಿ ಇರಲಿಲ್ಲ. ಮಳೆಗಾಲದ ಮುಂಚಿನ ಬಿಗಿದ ಸೆಕೆ.

ಮೊದಲ ಒಂದು ತಾಸು ಖುಷಿಯಾಗಿಯೇ ಹೋಯಿತು. ಮಲಪ್ರಭೆಯ ಸೇತುವೆ ದಾಟುವಾಗ ಕುಂದಾ ಹಾಡು ಹೇಳುತ್ತಿದ್ದಳು. ಏರು ಬಂದಾಗ ಮಾಯಪ್ಪ ಅವಳ ಜಡೆ ಹಿಡಿದು "ನನ್ನೂ ಎಳಕೊಂಡು ಹೋಗವಾ" ಎಂದು ಕಾಡಿಸಿದ. ಒಂದರ ಹಿಂದೆ ಒಂದು ಏರು, ಇಳಿಜಾರು. ಮೂರನೆಯ ಏರಿಗೆ ಅವನ ಮಾತು ನಿಂತಿತು.

ಅರ್ಧ ದಾರಿಗೆ ಮಾವಿನ ಗಿಡ ಬಂತು. ಜೋಹರಾ ಎರಡು ಕೊಡ ಇಟ್ಟುಕೊಂಡು ನಿಂತಿದ್ದಳು. ಮಾಯಪ್ಪನನ್ನು ನೋಡಿದವಳೇ ಗ್ಲಾಸು ತುಂಬಿ ಓಡಿ ಬಂದಳು. ಅವನು ಕೈ ಚಾಚಿದ. ಗ್ಲಾಸು ಅವನ ಬೆರಳಿಗೆ ತಾಗಿತ್ತು.

"ಮಾಯಪ್ಪಾ" ಎಂದ ದುಂಡಪ್ಪ. ಅಷ್ಟೇ ಅಂದಿದ್ದು. ಆಮೇಲೆ ಬಂದು ತಮ್ಮನ ಕೈಯನ್ನು ಮೆಲ್ಲಗೆ ಸರಿಸಿದ. "ಬ್ಯಾಡ. ಮುಟ್ಟಿದ ಮ್ಯಾಲ ಕುಡಿಯೂಣು."

"ಅಣ್ಣಾ, ನಿಮ್ಮ ಕಾಲು ಹಿಡೀತೀನಿ, ಒಂದ ಗ್ಲಾಸ್!" ಎಂದಳು ಜೋಹರಾ.

"ಇರಲಿ ಜೋಹರಕ್ಕಾ" ಎಂದ ಮಾಯಪ್ಪ. ತುಟಿ ಬೆಳ್ಳಗಾಗಿತ್ತು. "ಅಣ್ಣ ಹೇಳ್ಯಾನಲ್ಲಾ. ಆಮ್ಯಾಲ ಕೊಡಾನೂ ನಾನ ಖಾಲಿ ಮಾಡತೀನಿ."

ಅವರು ತಿರುಗಿ ಹೊರಟರು. ಮೂರು ಕಿಲೋಮೀಟರ್ ಬಂದಿರಬಹುದು. ಹನ್ನೊಂದು ಗಂಟೆಯ ಬಿಸಿಲು ಡಾಂಬರಿನಿಂದ ಮುಖಕ್ಕೆ ಹೊಡೆಯುತ್ತಿತ್ತು. ಮಾಯಪ್ಪನ ಹೆಜ್ಜೆ ಅತ್ತಿತ್ತ ಬೀಳತೊಡಗಿತು.

"ಅಣ್ಣಾ, ಲಾಳಿ ಎಲ್ಲಿಟ್ಟೀ?" ಎಂದ.

"ಯಾವ ಲಾಳಿ? ಓಡು, ಇನ್ನ ಸ್ವಲ್ಪ ಐತಿ."

"ಮಳಿ ಬಂತು. ನೂಲು ತೋಯ್ತಾವು, ಒಳಗ ತಗೋ."

ಕುಂದಾ ನಿಂತುಬಿಟ್ಟಳು. "ಅಪ್ಪಾ, ಕಾಕಾ ಏನೇನೋ ಮಾತಾಡಾಕತ್ತಾನ. ಮೈ ಕೆಂಡ ಆಗೈತಿ."

"ನೀ ನಿಂತ್ರ ಅಂವಾ ಕುಂದರತಾನ. ನಡೀರಿ!" ಎಂದು ದುಂಡಪ್ಪ ಗದರಿದ. ತಮ್ಮನ ರಟ್ಟೆ ಹಿಡಿದು ಏರಿಗೆ ಎಳೆದ. ಇಪ್ಪತ್ತು ಹೆಜ್ಜೆ. ಮಾಯಪ್ಪ ರಸ್ತೆಯ ಮೇಲೆ ಮುಖ ಅಡಿಯಾಗಿ ಬಿದ್ದ. ಕೈಕಾಲು ಸೆಟೆದು ನಡುಗಿದವು.

ಹಿಂದೆ ಬರುತ್ತಿದ್ದವರು ಸೇರಿದರು. ಒಬ್ಬ ಫಿಟ್ಸ್ ಎಂದು ಕೈಗೆ ಕೀಲಿ ತುರುಕಿದ. ಇನ್ನೊಬ್ಬ ಮೂಗಿಗೆ ಚಪ್ಪಲಿ ಹಿಡಿದ. ನಡುಗುತ್ತಾನೆ, ಚಳಿ ಹತ್ತಿದೆ ಎಂದು ದನ ಕಾಯುವ ಮುದುಕನೊಬ್ಬ ತನ್ನ ಕರಿ ಕಂಬಳಿ ಹೊದಿಸಿದ. ಎಲ್ಲರೂ ಒಳ್ಳೆಯದನ್ನೇ ಮಾಡಬೇಕೆಂದು ಮಾಡಿದರು. ಬೆಂಕಿಯಂತೆ ಕಾದ ಮೈ ಕಂಬಳಿಯೊಳಗೆ ಇನ್ನಷ್ಟು ಕಾಯಿತು. ದುಂಡಪ್ಪ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಮಾಯಾ, ಮಾಯಾ" ಎನ್ನುತ್ತಿದ್ದ.

ಕುಂದಾ ಯಾರನ್ನೂ ಕೇಳದೆ ಬಂದ ದಾರಿಯಲ್ಲೇ ವಾಪಸು ಓಡಿದಳು. ಮೂರು ಕಿಲೋಮೀಟರ್, ಒಬ್ಬಳೇ. ಅವಳು ಜೋಹರಾಳನ್ನು ಸಂಘದವರ ಫಟಫಟಿಯ ಮೇಲೆ ಕರೆತರುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು.

ಜೋಹರಾ ಕಂಬಳಿ ಕಿತ್ತೆಸೆದಳು. "ನೆರಳಿಗೆ ಎತ್ರಿ! ಅಂಗಿ ತಗೀರಿ!" ತಂದಿದ್ದ ಕೊಡದ ನೀರನ್ನು ಅವನ ಮೈಮೇಲೆ ಸುರಿದಳು. ತನ್ನ ಓಢಣಿಯನ್ನು ತೋಯಿಸಿ ಕುತ್ತಿಗೆಗೆ, ಕಂಕುಳಿಗೆ ಇಟ್ಟಳು. "ಗಾಳಿ ಬೀಸ್ರಿ, ಸುಮ್ಮನ ನಿಂದರಬ್ಯಾಡ್ರಿ." ದುಂಡಪ್ಪ ಗ್ಲಾಸನ್ನು ತಮ್ಮನ ಬಾಯಿಗೆ ಹಿಡಿಯಲು ಹೋದ.

ಜೋಹರಾ ಅವನ ಕೈ ತಡೆದಳು. "ಈಗ ಬ್ಯಾಡ ಅಣ್ಣಾ. ಎಚ್ಚರ ಇಲ್ಲದವರ ಬಾಯಾಗ ಹಾಕಿದ್ರ ಉಸಿರಿನ ನಳಿಗೆ ಹೋಗತೈತಿ."

ಹಂಚು ಒಯ್ಯುತ್ತಿದ್ದ ಲಾರಿಯೊಂದು ನಿಂತಿತು. ಅದರಲ್ಲಿ ಖಾನಾಪುರದ ದವಾಖಾನೆಗೆ, ಅಲ್ಲಿಂದ ಬೆಳಗಾವಿಯ ದೊಡ್ಡ ದವಾಖಾನೆಗೆ. ಮಾಯಪ್ಪ ಕಣ್ಣು ಬಿಡಲಿಲ್ಲ. ಎರಡನೆಯ ದಿನ ಮೂತ್ರ ನಿಂತಿತು. ಮೂರನೆಯ ದಿನ ಮಧ್ಯಾಹ್ನ ಉಸಿರು ನಿಂತಿತು. ಸಾತವ್ವ ಮೈದುನನ ಪಾದ ತಿಕ್ಕುತ್ತ ಕುಳಿತಿದ್ದಳು. ಆತ ಹೋದದ್ದು ಗೊತ್ತಾದ ಮೇಲೂ ತಿಕ್ಕುತ್ತಲೇ ಇದ್ದಳು.

ಶಹಾಪುರದ ಮನೆಗೆ ಮಾತಾಡಿಸಲು ಬಂದವರು ಏನೇನೋ ಹೇಳಿದರು. ಬಾಜೂ ಮನೆಯ ಈರಯ್ಯ, "ಘಟ್ಟದ ಹಾದಿ, ಉರಿ ಬಿಸಲಿನ ಹೊತ್ತು. ದೆವ್ವದ ಗಾಳಿ ಹಿಡದೈತಿ, ಮತ್ತೇನಿಲ್ಲ" ಎಂದ. ದುಂಡಪ್ಪ ಅದನ್ನೇ ಹಿಡಿದುಕೊಂಡ. ಬಂದವರಿಗೆಲ್ಲ ಅದನ್ನೇ ಹೇಳಿದ. ಗಾಳಿ ಹಿಡೀತು, ನನ್ನ ತಮ್ಮನ್ನ ಗಾಳಿ ಹಿಡೀತು. ಮಗ್ಗಕ್ಕೆ ಇಳಿಯಲಿಲ್ಲ. ಅರ್ಧ ನೇಯ್ದ ಸೀರೆ ಹಾಗೇ ಧೂಳು ತಿಂದಿತು. ಕುಂದಾ ಯಾರೊಂದಿಗೂ ಮಾತಾಡುವುದನ್ನು ಬಿಟ್ಟಳು. ಊಟಕ್ಕೆ ಕರೆದರೆ ಬಂದು ಕೂರುವಳು, ಎರಡು ತುತ್ತಿಗೆ ಎದ್ದು ಹೋಗುವಳು.

ತಿಂಗಳಾದ ಮೇಲೆ ಜೋಹರಾ ಬಂದಳು. ಓಟದ ಸುದ್ದಿ ತಂದವಳು ತಾನೇ ಎಂಬ ನೋವು ಅವಳನ್ನೂ ತಿನ್ನುತ್ತಿತ್ತು. ಸಾತವ್ವ ಅವಳಿಗೆ ಮಣೆ ಹಾಕಿದಳು. ದುಂಡಪ್ಪನೇ ಮಾತು ಶುರು ಮಾಡಿದ.

"ಗಾಳಿ ಹಿಡೀತು ತಂಗಿ. ನಾವು ಏನ ಮಾಡಿದ್ರೂ ಆಗತಿರಲಿಲ್ಲ."

ಜೋಹರಾ ನೆಲ ನೋಡಿದಳು. ಹೌದು ಎಂದುಬಿಟ್ಟರೆ ಈ ಮನೆಯ ಮೇಲಿನ ಭಾರ ಅಷ್ಟು ಹಗುರವಾಗುತ್ತಿತ್ತು. ಹಾಗೆ ಹೇಳಲು ಅವಳಿಂದ ಆಗಲಿಲ್ಲ.

"ಅಣ್ಣಾ, ಅದು ಗಾಳಿ ಅಲ್ರಿ. ಬಿಸಲಿನ ಬ್ಯಾನಿ. ಮೈಯಾಗಿನ ನೀರು ಹೋಗಿ, ಒಳಗಿನ ಕಾವು ತಲಿಗೆ ಏರಿ ಹೀಂಗ ಆಗತೈತಿ. ನೀವು ಗಾಳಿ ಅಂತ ಹೇಳ್ಕೋತ ಹೋದ್ರಿ ಅಂದ್ರ, ನಾಳೆ ಓಣ್ಯಾಗ ಇನ್ನೊಬ್ರು ಇದನ್ನ ಮಾಡತಾರ."

"ಹಂಗಾದ್ರ ಕುಂದಾಗ ಯಾಕ ಆಗಲಿಲ್ಲ?" ದುಂಡಪ್ಪನ ಧ್ವನಿ ಏರಿತು. "ಅಕೀನೂ ಓಡಿದ್ಲು. ಅದ ಬಿಸಲು, ಅದ ಗುಡ್ಡ. ಅಕೀನೂ ಕುಡದಿಲ್ಲ, ನಾನೂ ಕುಡದಿಲ್ಲ. ನಮಗ ಯಾಕ ಆಗಲಿಲ್ಲ, ಹೇಳು!"

ಒಳಗಿನಿಂದ ಕುಂದಾ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನಾ ಕುಡದಿದ್ನಿ ಅಪ್ಪಾ."

ತಿಂಗಳ ನಂತರ ಮಗಳ ಬಾಯಿಂದ ಬಂದ ಮೊದಲ ಮಾತು ಅದು.

"ಮಾವಿನ ಗಿಡದ ಹಿಂದ ಹೋಗಿ ಎರಡು ಗ್ಲಾಸ್ ಕದ್ದು ಕುಡದ್ನಿ. ಕಾಕಾ ನೋಡಿದ. ನಿನಗ ಹೇಳೂದಿಲ್ಲ ಅಂತ ಕಣ್ಣು ಹೊಡದ. ಅವನ್ನೂ ಬಾ ಅಂತ ಕರದ್ನಿ. ಬರಲಿಲ್ಲ. ಅಣ್ಣನ ಮಾತು ಮುರಿಯಾಂಗಿಲ್ಲ ಅಂದ." ಅವಳು ಚೌಕಟ್ಟು ಬಿಟ್ಟು ಮುಂದೆ ಬಂದಳು. "ನಾ ಒಯ್ದು ಕೊಟ್ಟಿದ್ರ ಕುಡೀತಿದ್ನೋ ಏನೋ. ನಾ ಕೊಡಲಿಲ್ಲ. ನಿನಗ ಅಂಜಿದ್ನಿ."

ಸಾತವ್ವ ಎದ್ದು ಮಗಳನ್ನು ಅಪ್ಪಿಕೊಂಡಳು. ದುಂಡಪ್ಪ ಎದ್ದವನು ಕುಣಿಮಗ್ಗದ ಅಂಚಿಗೆ ಹೋಗಿ, ಇಳಿಯದೆ, ಕಾಲು ಇಳಿಬಿಟ್ಟು ಕುಳಿತ. ಅಲ್ಲಿಂದಲೇ ಕೇಳಿದ.

"ಜೋಹರಾ, ಅವತ್ತ ನಾ ಅವನ ಕೈ ಸರಸಲಿಲ್ಲಂದ್ರ ಉಳೀತಿದ್ನೇನು?"

"ಉಳೀತಿದ್ದ ಅಂತ ಆಣಿ ಮಾಡಿ ಹೇಳಾಕ ಆಗೂದಿಲ್ಲ ಅಣ್ಣಾ. ಜುಲಾಬ ಆದಾಂವ, ಓಡಬಾರದಿತ್ತು. ನೀರು ಕುಡದು, ನೆರಳಾಗ ಕುಂತು, ಅಲ್ಲೇ ಓಟ ಬಿಟ್ಟಿದ್ರ... ಉಳಿಯಾಕ ದಾರಿ ಇತ್ತು."

ದುಂಡಪ್ಪ ಅಳಲಿಲ್ಲ. ತಲೆಯಾಡಿಸಿದ. ಆಮೇಲೆ ಮಗಳನ್ನು ಕರೆದು, "ನೀ ಕುಡದಿದ್ದು ಚೊಲೋ ಆತು ಕುಂದಾ. ನನ್ನ ಮಾತು ಮುರದಿದ್ದು ಚೊಲೋ ಆತು" ಎಂದ.

ಆ ದಿನದಿಂದ ಅವನು ಗಾಳಿಯ ಮಾತೆತ್ತಲಿಲ್ಲ. ತಾಲೀಮಿಗೆ ಹೋಗಿ ಹುಡುಗರ ಮುಂದೆ ನಿಂತು ಹೇಳಿದ: "ನಮ್ಮ ವಸ್ತಾದರು ದೊಡ್ಡವರು. ಈ ಒಂದ ಮಾತು ಅವರು ತಪ್ಪು ಹೇಳಿದ್ರು. ನಾ ನಂಬಿದ್ನಿ, ನನ್ನ ತಮ್ಮ ಹೋದ." ಕೆಲವರು ಕೇಳಿದರು. ಕೆಲವರು ಅವನಿಗೆ ದುಃಖದಿಂದ ತಲೆ ಕೆಟ್ಟಿದೆ ಎಂದುಕೊಂಡು ಎದ್ದು ಹೋದರು.

ಮುಂದಿನ ವರ್ಷ ಖಾನಾಪುರದಲ್ಲಿ ಮತ್ತೆ ಓಟ ಎಂದು ತಿಳಿದಾಗ ದುಂಡಪ್ಪ, ಸಾತವ್ವ ಇಬ್ಬರೂ ಜೋಹರಾಳನ್ನು ಕರೆದುಕೊಂಡು ಸಂಘದವರ ಬಳಿ ಹೋದರು. ಅತಿಥಿ ಬರಲಿ ಬಿಡಲಿ, ಆರಕ್ಕೆ ಓಟ ಶುರು ಮಾಡಬೇಕು. ಎರಡು ಕಿಲೋಮೀಟರಿಗೊಮ್ಮೆ ನೀರು ಇಡಬೇಕು. ಮೂವರೂ ಕೈ ಹಿಡಿದೇ ಮುಟ್ಟಬೇಕೆಂಬ ನಿಯಮ ತೆಗೆಯಬೇಕು ಎಂದು ಕೇಳಿದರು. ಸಂಘದ ಅಧ್ಯಕ್ಷ, "ಒಬ್ಬರಿಗೆ ಹಂಗಾತು ಅಂತ ಎಲ್ಲಾ ಬದಲಿ ಮಾಡಾಕ ಆಗತೈತೇನ್ರಿ?" ಎಂದ. ಸಾತವ್ವ ಅದುವರೆಗೆ ಹೊರಗಿನ ಗಂಡಸರೆದುರು ಬಾಯಿ ತೆರೆದವಳಲ್ಲ. ಅವಳು ಹೇಳಿದಳು: "ಆ ಒಬ್ಬಾಂವ ನಿಮ್ಮ ಮನ್ಯಾವ ಆಗಿದ್ರ ಬದಲಿ ಮಾಡತಿದ್ರೋ ಇಲ್ಲೋ, ಅದಷ್ಟ ಹೇಳ್ರಿ." ಅವರು ಒಪ್ಪಿದರು.

ಓಟದ ದಿನ ದುಂಡಪ್ಪ, ಸಾತವ್ವ, ಕುಂದಾ ಮೂವರೂ ಮಾಯಪ್ಪ ಬಿದ್ದ ಏರಿನಲ್ಲಿ ಕೊಡಗಳನ್ನಿಟ್ಟುಕೊಂಡು ನಿಂತರು. ಓಡಿ ಬಂದವರಿಗೆಲ್ಲ ಕುಂದಾ ಗ್ಲಾಸು ಕೊಟ್ಟಳು. ಕೆಲವರು ಬೇಡವೆಂದು ಕೈಯಾಡಿಸಿದರು. ದುಂಡಪ್ಪ ಅವರ ಜೊತೆ ನಾಲ್ಕು ಹೆಜ್ಜೆ ಓಡಿ, ಬೇಡಿಕೊಂಡು ಕುಡಿಸಿದ. ಆ ದಿನ ಯಾರೂ ಬೀಳಲಿಲ್ಲ. ಅದರಿಂದ ದುಂಡಪ್ಪನ ಮನಸ್ಸು ತಣ್ಣಗಾಯಿತು ಎಂದರೆ ಸುಳ್ಳು ಹೇಳಿದಂತೆ. ಎಲ್ಲರೂ ಕ್ಷೇಮವಾಗಿ ಮುಟ್ಟಿದ್ದನ್ನು ಕೇಳಿದಾಗ ಅವನು ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒಂದು ವರ್ಷ ಬಾರದ ಅಳುವನ್ನೆಲ್ಲ ಅತ್ತ. ಇಷ್ಟು ಸುಲಭವಿತ್ತಲ್ಲಾ, ಇಷ್ಟೇ ಇತ್ತಲ್ಲಾ ಎಂದು ಅತ್ತ. ಕುಂದಾ ಮತ್ತೆಂದೂ ಓಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮನೆಮಂದಿಯೆಲ್ಲ ಕೂಡಿ ಓಡಿರಿ, ಆಡಿರಿ, ಗುಡ್ಡ ಹತ್ತಿರಿ. ಅದು ಒಳ್ಳೆಯದೇ. ಆದರೆ ತಂಪು ಹೊತ್ತಿನಲ್ಲೇ ಮಾಡಿ. ಜ್ವರ, ಜುಲಾಬ ಆಗಿದ್ದವರನ್ನು ಮನೆಯಲ್ಲೇ ಬಿಡಿ. ಬಾಯಾರಿದಾಗ ಕುಡಿಯಿರಿ, ಕುಡಿಸಿರಿ. ಉಪ್ಪು ಸಕ್ಕರೆಯ ನೀರಿನ ಅಳತೆ ಇದು: ಒಂದು ಲೀಟರ್ ಶುದ್ಧ ನೀರಿಗೆ ಚಹದ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದಕ್ಕಿಂತ ಹೆಚ್ಚು ಉಪ್ಪು ಬೇಡ. ಬಿಸಿಲಲ್ಲಿ ದುಡಿಯುವವರು, ಓಡುವವರು ತಡವರಿಸಿದರೆ, ತಲೆಬುಡವಿಲ್ಲದ ಮಾತಾಡಿದರೆ ಅದು ನಾಟಕವಲ್ಲ. ಆ ಕ್ಷಣವೇ ನೆರಳಿಗೆ ಒಯ್ಯಿರಿ, ಬಟ್ಟೆ ಸಡಿಲಿಸಿ ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿರಿ, ದವಾಖಾನೆಗೆ ಗಾಡಿ ಹುಡುಕಿರಿ. ಕಂಬಳಿ ಹೊದಿಸಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಬೆವತ ಮೈಗೆ ನೀರು ಬೇಡ ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ಹಿರಿಯರಿರಲಿ, ಎದುರು ಮಾತಾಡಿ. ಹಾಗೆ ಹೇಳುವವರು ಕೆಟ್ಟವರಲ್ಲ. ಮಾಯಪ್ಪನನ್ನು ದುಂಡಪ್ಪನಷ್ಟು ಪ್ರೀತಿಸಿದವರು ಈ ಲೋಕದಲ್ಲಿ ಇನ್ನೊಬ್ಬರಿರಲಿಲ್ಲ.